ಹಾಲು ಕೋಲಾರದ್ದು, ಐಸ್‌ಕ್ರೀಮ್ ಯಾರದ್ದು?

2025ರ ಸೆಪ್ಟೆಂಬರ್ 22ರಿಂದ ಐಸ್‌ಕ್ರೀಮ್ ಮೇಲಿನ ಜಿಎಸ್‌ಟಿ 18 ಪರ್ಸೆಂಟ್‌ನಿಂದ 5ಕ್ಕೆ ಇಳಿಯಿತು. ಅದೇ ದಿನ ತುಪ್ಪ, ಬೆಣ್ಣೆ, ಚೀಸ್ 12ರಿಂದ 5ಕ್ಕೆ ಬಂದವು. ಪ್ಯಾಕೆಟ್ ಪನೀರ್‌ಗೂ ಯುಎಚ್‌ಟಿ ಹಾಲಿಗೂ (ಬಹಳ ಬಿಸಿಗೆ ಕಾಯಿಸಿ ಪ್ಯಾಕ್ ಮಾಡಿದ, ಫ್ರಿಜ್ ಇಲ್ಲದೆಯೂ ಬಹಳ ದಿನ ಇಡಬಹುದಾದ ಹಾಲು) ತೆರಿಗೆಯೇ ಇಲ್ಲವಾಯಿತು. ಹಾಲಿನ ಪದಾರ್ಥ ಅಗ್ಗವಾದರೆ ಜಾಸ್ತಿ ಖರ್ಚಾಗುತ್ತದೆ, ಜಾಸ್ತಿ ಖರ್ಚಾದರೆ ರೈತನಿಗೂ ಒಳ್ಳೆಯದು ಎಂದು ಆಗ ಎಲ್ಲ ಕಡೆ ಹೇಳಿದರು. ತುಪ್ಪ, ಬೆಣ್ಣೆ, ಪನೀರ್ ವಿಚಾರದಲ್ಲಿ ಈ ಮಾತು ಸರಿ. ಐಸ್‌ಕ್ರೀಮ್ ವಿಚಾರದಲ್ಲಿ ಅರ್ಧ ಮಾತ್ರ ಸರಿ.

ಯಾಕೆ ಅರ್ಧ ಎಂದು ತಿಳಿಯಲು ಕೋಲಾರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ವರ್ಷವಿಡೀ ಹರಿಯುವ ನದಿ ಇಲ್ಲದ ಈ ಜಿಲ್ಲೆ ರೇಷ್ಮೆ, ಹಾಲು, ಚಿನ್ನ ಈ ಮೂರರಿಂದ ಹೆಸರು ಮಾಡಿತು. ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ರೇಷ್ಮೆ ಬೆಲೆ ಏರುತ್ತದೆ, ಬೀಳುತ್ತದೆ. ದಿನಕ್ಕೆ ಎರಡು ಹೊತ್ತು ತಪ್ಪದೆ ಬರುವುದು ಹಾಲು ಒಂದೇ. ಆ ಹಾಲು ಬೆಂಗಳೂರಿಗೆ ಹೋಗುತ್ತದೆ. ಕ್ಲಾಕ್ ಟವರ್ ಸುತ್ತಮುತ್ತಲಿನ ಅಂಗಡಿಗಳ ಐಸ್‌ಕ್ರೀಮ್ ಮಾತ್ರ ಬಹುಪಾಲು ಹೊರಗಿನಿಂದ ಬರುತ್ತದೆ. ಅದರಲ್ಲಿ ಒಂದಷ್ಟಕ್ಕೆ ಹಾಲಿನ ಕೊಬ್ಬಿನ ಸೋಂಕೇ ಇಲ್ಲ. ಹಾಲಿನ ಜಿಲ್ಲೆಗೆ ಹೀಗಾಗಬಾರದು ಎನ್ನುವುದು ನನ್ನ ವಾದ.

ಮೊದಲು ತಣ್ಣಗೆ ಇಡುವುದು ಬಂತು

ಹಾಲಿನ ಕಥೆ ಅಂದರೆ ಹಸುವಿನ ಕಥೆ ಎಂದುಕೊಳ್ಳುತ್ತೇವೆ. ಅದಕ್ಕಿಂತ ಹೆಚ್ಚಾಗಿ ಅದು ತಣ್ಣಗೆ ಇಡುವ ಕಥೆ. ಕೆಚ್ಚಲಿನಿಂದ ಬರುವಾಗ ಹಾಲು ಹೆಚ್ಚುಕಡಿಮೆ 38 ಡಿಗ್ರಿ ಬಿಸಿ ಇರುತ್ತದೆ. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬಹಳ ಬೇಗ ಹೆಚ್ಚುತ್ತದೆ. ಕೆಲವೇ ಗಂಟೆಯೊಳಗೆ ಕಾಯಿಸಬೇಕು, ಇಲ್ಲವೇ 4 ಡಿಗ್ರಿಗೆ ಇಳಿಸಬೇಕು. ತಣ್ಣಗೆ ಮಾಡುವ ದಾರಿ ಇಲ್ಲದ ಕಾಲದಲ್ಲಿ ಊರಿನ ಹಾಲು ಊರಲ್ಲೇ ಮುಗಿಯುತ್ತಿತ್ತು. ಉಳಿದದ್ದು ಮೊಸರು, ಬೆಣ್ಣೆ, ತುಪ್ಪವಾಗಿ ಸಂತೆಗೆ ಹೋಗುತ್ತಿತ್ತು. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಇವತ್ತು ಏನೂ ಅಲ್ಲದ ಈ ದೂರವನ್ನು ಹಸಿ ಹಾಲು ಆಗ ದಾಟುವಂತಿರಲಿಲ್ಲ.

ತಣ್ಣಗೆ ಮಾಡಲು ಕರೆಂಟ್ ಬೇಕು. ಈ ಜಿಲ್ಲೆಗೆ ಕರೆಂಟ್ ಬೆಂಗಳೂರಿಗಿಂತ ಮೊದಲೇ ಬಂದಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್ ಗಣಿಗಳಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದ ಆ ಗಣಿಯಲ್ಲಿ ಬಂಡೆಯೇ ಸುಡುತ್ತಿತ್ತು. ಹಾಗಾಗಿ ಗಾಳಿಯನ್ನು ತಂಪು ಮಾಡಿ ಕೆಳಗೆ ಕಳಿಸುವ ದೊಡ್ಡ ಯಂತ್ರಗಳನ್ನು ಅಲ್ಲಿ ಕೂರಿಸಿದ್ದರು. ಅಂದರೆ ಯಂತ್ರದಿಂದ ತಂಪು ಮಾಡುವ ವಿದ್ಯೆಯನ್ನು ಕೋಲಾರ ಜಿಲ್ಲೆ ಬಹಳ ಹಿಂದೆಯೇ ಕಂಡಿತ್ತು. ಆದರೆ ಆ ತಂಪು ಚಿನ್ನ ತೆಗೆಯಲು ಬಂದದ್ದು. ಕೊಟ್ಟಿಗೆಯ ಪಕ್ಕಕ್ಕೆ ಅದು ಬರಲು ಇನ್ನೂ ದಶಕಗಳು ಬೇಕಾದವು.

ಹಾಲಿನ ವಿದ್ಯೆಯೂ ಮೊದಲು ಬಂದದ್ದು ಬೆಂಗಳೂರಿಗೆ. 1923ರಲ್ಲಿ ಅಲ್ಲಿ ಇಂಪೀರಿಯಲ್ ಡೇರಿ ಸಂಸ್ಥೆ ಶುರುವಾಯಿತು. ಆಡುಗೋಡಿಯಲ್ಲಿ ಈಗಲೂ ಇರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ ಅದರ ಮುಂದುವರಿಕೆ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿ ಬೆಟ್ಟಕ್ಕೆ ಬಂದಿದ್ದರು. ಅಲ್ಲಿಂದ ಇಳಿದು ಬೆಂಗಳೂರಿಗೆ ಹೋದ ಮೇಲೆ ಈ ಸಂಸ್ಥೆಯಲ್ಲಿ ದನ ಸಾಕುವ ಪಾಠ ಕೇಳಿದರು. ಹಸುವನ್ನು ಪೂಜೆ ಮಾಡಿದರೆ ಸಾಲದು, ಚೆನ್ನಾಗಿ ಸಾಕುವುದನ್ನೂ ಕಲಿಯಬೇಕು ಎನ್ನುವುದು ಅವರ ನಿಲುವು. ಆಮೇಲೆ ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಕೂಡ ಯುವಕರಾಗಿದ್ದಾಗ ಇಲ್ಲೇ ತರಬೇತಿ ಪಡೆದವರು.

ಕೋಲಾರದ ಹಳ್ಳಿಗಳಿಗೆ ಇದನ್ನೆಲ್ಲ ತಲುಪಿಸಿದವರಲ್ಲಿ ಮೊದಲು ನೆನೆಯಬೇಕಾದವರು ಎಂ.ವಿ. ಕೃಷ್ಣಪ್ಪ. ಕೋಲಾರ ಜಿಲ್ಲೆಯವರು. ನೆಹರೂ ಸರ್ಕಾರದಲ್ಲಿ ಆಹಾರ ಮತ್ತು ಕೃಷಿ ಖಾತೆಯ ಉಪಮಂತ್ರಿಯಾಗಿದ್ದರು, ಆಮೇಲೆ ರಾಜ್ಯದಲ್ಲೂ ಮಂತ್ರಿಯಾದರು. ಹೈನುಗಾರಿಕೆಯ ಪಿತಾಮಹ ಎಂದು ಇಲ್ಲಿನ ಜನ ಅವರನ್ನು ಇವತ್ತಿಗೂ ಕರೆಯುತ್ತಾರೆ. ಮಳೆ ನಂಬಿಕೊಂಡ ರಾಗಿ ಹೊಲದ ರೈತನಿಗೆ ವರ್ಷವಿಡೀ ಕಾಸು ಕೈಗೆ ಬರಬೇಕಾದರೆ ಹಾಲು ಬಿಟ್ಟರೆ ಬೇರೆ ದಾರಿ ಇಲ್ಲ ಎಂಬುದನ್ನು ಕಂಡುಕೊಂಡವರು ಅವರು.

1965ರ ಜನವರಿ 23ರಂದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಬೆಂಗಳೂರು ಡೇರಿಯನ್ನು ಜನರಿಗೆ ಒಪ್ಪಿಸಿದರು. ಯುನಿಸೆಫ್ ನೆರವು ಅದಕ್ಕಿತ್ತು. ನಗರಕ್ಕೆ ಹಾಲು ಬೇಕಿತ್ತು, ಕೋಲಾರಕ್ಕೆ ಹಣ ಬೇಕಿತ್ತು. ನಡುವೆ ಹಾಲು ತಣಿಸುವ ಕೇಂದ್ರಗಳು ಬಂದವು. ಅದೇ ಹೊತ್ತಿಗೆ ಇನ್ನೊಂದು ತಂಪೂ ಹಳ್ಳಿಗೆ ಬಂತು. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹೆಸರಘಟ್ಟದಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಹೋರಿಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಕೇಂದ್ರ 1969ರಲ್ಲಿ ಶುರುವಾಯಿತು. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿಟ್ಟರೆ ಅದು ವರ್ಷಗಟ್ಟಲೆ ಕೆಡುವುದಿಲ್ಲ. ಕೃತಕ ಗರ್ಭಧಾರಣೆ ಮಾಡುವವರು ಆ ಕ್ಯಾನ್ ಹಿಡಿದು ಹಳ್ಳಿ ಹಳ್ಳಿ ಸುತ್ತಿದರು. ದಿನಕ್ಕೆ ಎರಡು ಮೂರು ಲೀಟರ್ ಕೊಡುತ್ತಿದ್ದ ನಾಟಿ ಹಸುವಿನ ಜಾಗದಲ್ಲಿ ಹತ್ತು ಲೀಟರ್, ಅದಕ್ಕೂ ಜಾಸ್ತಿ ಕೊಡುವ ಸೀಮೆಹಸು ಬಂದು ನಿಂತಿತು. ಹಳ್ಳಿಗೆ ಐಸ್‌ಕ್ರೀಮ್ ಫ್ರಿಜ್ ಬರುವ ಎಷ್ಟೋ ವರ್ಷ ಮೊದಲೇ ಈ ಕ್ಯಾನ್ ಬಂದಿತ್ತು.

1974ರಿಂದ ಆದದ್ದು ಬಹಳ ಜನರಿಗೆ ಗೊತ್ತು. ವಿಶ್ವಬ್ಯಾಂಕ್ ಸಾಲದಲ್ಲಿ ರಾಜ್ಯದ ದಕ್ಷಿಣದ ಜಿಲ್ಲೆಗಳಲ್ಲಿ ಅಮುಲ್ ಮಾದರಿಯ ಸಹಕಾರ ಸಂಘಗಳು ಶುರುವಾದವು. 1983ರಲ್ಲಿ ನಂದಿನಿ ಎನ್ನುವ ಹೆಸರು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ. 1987ರಲ್ಲಿ ಕೋಲಾರದ ಹಾಲು ಒಕ್ಕೂಟ, ಅಂದರೆ ಹಳ್ಳಿ ಸಂಘಗಳೆಲ್ಲ ಸೇರಿದ ಸಂಸ್ಥೆ, ಬೆಂಗಳೂರಿನಿಂದ ಬೇರೆಯಾಯಿತು.

ಹಳ್ಳಿಯಲ್ಲಿ ಆದ ಬದಲಾವಣೆ ಈ ಇಸವಿಗಳಿಗಿಂತ ದೊಡ್ಡದು. ‘ಡೇರಿಗೆ ಹಾಲು ಹಾಕೋದು’ ಎನ್ನುವುದು ಮನೆಮಾತಾಯಿತು. ಬೆಳಗ್ಗೆ, ಸಂಜೆ ಕ್ಯಾನ್ ಹಿಡಿದು ಸಾಲಲ್ಲಿ ನಿಲ್ಲುವವರಲ್ಲಿ ಹೆಂಗಸರೇ ಜಾಸ್ತಿ. ಹದಿನೈದು ದಿನಕ್ಕೊಮ್ಮೆ ಆಗುವ ಬಟವಾಡೆಯಲ್ಲಿ ಮಕ್ಕಳ ಫೀಸು, ಗ್ಯಾಸ್, ಚೀಟಿ ಹಣ ಎಲ್ಲ ನಡೆಯುತ್ತದೆ. ಟೊಮೆಟೊ ಬೆಲೆ ಬಿದ್ದು ರೈತರು ಹಣ್ಣನ್ನು ರಸ್ತೆಗೆ ಸುರಿದ ವಾರಗಳಲ್ಲೂ ಈ ಬಟವಾಡೆ ಆಗಿದೆ. ಬರಗಾಲದಲ್ಲಿ ಕೋಲಾರದ ಎಷ್ಟೋ ಮನೆಗಳು ಊರು ಬಿಡದೆ ಉಳಿದದ್ದು ಹಾಲಿನಿಂದ. ಮುಂದೆ ನಾನು ಏನೇ ಕೊರತೆ ಹೇಳಿದರೂ ಈ ಮಾತು ಬದಲಾಗುವುದಿಲ್ಲ.

ಒಂದು ಲೀಟರ್ ಐಸ್‌ಕ್ರೀಮ್‌ನ ಲೆಕ್ಕ

ಡೇರಿಯಲ್ಲಿ ಹಾಲಿಗೆ ಬೆಲೆ ಕಟ್ಟುವುದು ಎರಡು ಸಂಖ್ಯೆಯಿಂದ. ಒಂದು ಫ್ಯಾಟ್, ಅಂದರೆ ಹಾಲಿನ ಕೊಬ್ಬು. ಇನ್ನೊಂದು ಎಸ್‌ಎನ್‌ಎಫ್, ಅಂದರೆ ಕೊಬ್ಬು, ನೀರು ಬಿಟ್ಟು ಉಳಿಯುವ ಪ್ರೋಟೀನ್, ಸಕ್ಕರೆ, ಲವಣ. ಸೀಮೆಹಸುವಿನ ಹಾಲಲ್ಲಿ ಫ್ಯಾಟ್ ಮೂರೂವರೆಯಿಂದ ನಾಲ್ಕು, ಎಸ್‌ಎನ್‌ಎಫ್ ಎಂಟೂವರೆ ಆಸುಪಾಸು. ನೀಲಿ ಪ್ಯಾಕೆಟ್‌ನ ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಪರ್ಸೆಂಟ್ ಇದ್ದರೆ ಸಾಕು. ಹಾಗಾಗಿ ಪ್ರತಿ ಲೀಟರ್‌ನಲ್ಲೂ ಸ್ವಲ್ಪ ಕೊಬ್ಬು ಡೇರಿಯ ಬಳಿ ಉಳಿಯುತ್ತದೆ. ಅದು ಬೆಣ್ಣೆಯಾಗುತ್ತದೆ, ತುಪ್ಪವಾಗುತ್ತದೆ. 2023ರಲ್ಲಿ ನಂದಿನಿ ತುಪ್ಪ ತಿರುಪತಿಗೆ ಹೋಗುವುದು ನಿಂತಾಗ, 2024ರಲ್ಲಿ ಮತ್ತೆ ಶುರುವಾದಾಗ ಅಷ್ಟು ದೊಡ್ಡ ಸುದ್ದಿಯಾದದ್ದು ಭಕ್ತಿಗಾಗಿ ಮಾತ್ರ ಅಲ್ಲ. ಒಕ್ಕೂಟಗಳ ಬಳಿ ಉಳಿಯುವ ಕೊಬ್ಬಿಗೆ ಅದು ದೊಡ್ಡ ಗಿರಾಕಿ.

ಈಗ ಐಸ್‌ಕ್ರೀಮ್ ನೋಡಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಸುಮ್ನೆ ‘ಐಸ್‌ಕ್ರೀಮ್’ ಎಂದು ಕರೆಸಿಕೊಳ್ಳಬೇಕಾದರೆ ಹಾಲಿನ ಕೊಬ್ಬು ಕನಿಷ್ಠ 10 ಪರ್ಸೆಂಟ್ ಇರಬೇಕು, ಪ್ರೋಟೀನ್ 3.5 ಪರ್ಸೆಂಟ್. ಇನ್ನೊಂದು ಷರತ್ತೂ ಇದೆ. ಒಂದು ಲೀಟರ್ ಐಸ್‌ಕ್ರೀಮ್ 525 ಗ್ರಾಂಗಿಂತ ಕಡಿಮೆ ತೂಗಬಾರದು. ಐಸ್‌ಕ್ರೀಮ್ ಕಡೆಯುವಾಗ ಅದರೊಳಗೆ ಗಾಳಿ ಸೇರಿಸುತ್ತಾರೆ. ಗಾಳಿ ಇಲ್ಲದಿದ್ದರೆ ಅದು ಬರಿಯ ಮಂಜಿನ ಗಟ್ಟಿ, ಚಮಚ ಇಳಿಯುವುದಿಲ್ಲ. ಆದರೆ ಗಾಳಿಗೂ ಒಂದು ಮಿತಿ ಬೇಕಲ್ವಾ? ಈ 525 ಗ್ರಾಂ ಆ ಮಿತಿ. ಕೊಳ್ಳುವವರು ಲೀಟರ್ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ, ಒಳಗೆ ಅರ್ಧಕ್ಕೆ ಹತ್ತಿರ ಗಾಳಿ ಇರಬಹುದು.

ಹಾಗಿದ್ದರೂ ಲೆಕ್ಕ ಹಾಕಿ. 525 ಗ್ರಾಂನಲ್ಲಿ 10 ಪರ್ಸೆಂಟ್ ಅಂದರೆ 52 ಗ್ರಾಂ ಚಿಲ್ಲರೆ ಹಾಲಿನ ಕೊಬ್ಬು. ಮೂರೂವರೆ ಫ್ಯಾಟ್ ಇರುವ ಒಂದು ಲೀಟರ್ ಹಸುವಿನ ಹಾಲಲ್ಲಿ ಸಿಗುವುದು 36 ಗ್ರಾಂ ಕೊಬ್ಬು. ಅಂದರೆ ಅರ್ಧ ಗಾಳಿ ತುಂಬಿದ ಒಂದು ಲೀಟರ್ ಐಸ್‌ಕ್ರೀಮ್ ಮಾಡಲು ಸುಮಾರು ಒಂದೂವರೆ ಲೀಟರ್ ಹಾಲಿನ ಕೊಬ್ಬು ಬೇಕು. ಇದು ಕನಿಷ್ಠ. ಒಳ್ಳೆಯ ಐಸ್‌ಕ್ರೀಮ್‌ನಲ್ಲಿ ಕೊಬ್ಬು ಇನ್ನೂ ಜಾಸ್ತಿ, ಗಾಳಿ ಕಡಿಮೆ. ಅಲ್ಲಿ ಎರಡು ಲೀಟರ್ ಹಾಲಿನ ಕೊಬ್ಬೂ ಮೀರಬಹುದು.

ಈ ಲೆಕ್ಕ ಕೋಲಾರಕ್ಕೆ ಯಾಕೆ ಮುಖ್ಯ? ರೈತನ ಲೀಟರ್ ಹಾಲು ಪ್ಯಾಕೆಟ್‌ನಲ್ಲಿ ಹೋದಾಗ ಅದಕ್ಕೆ ಸಿಗುವ ಬೆಲೆಗೆ ಸರ್ಕಾರ ಕಟ್ಟುವ ಮಿತಿ ಇದೆ. ಹಾಲು ದಿನಬಳಕೆಯ ವಸ್ತು, ನಾಲ್ಕು ರೂಪಾಯಿ ಏರಿಸಿದರೆ ಊರೆಲ್ಲ ಗಲಾಟೆ. 2023ರ ಆಗಸ್ಟ್‌ನಲ್ಲಿ ಟೋನ್ಡ್ ಹಾಲು 39ರಿಂದ 42 ರೂಪಾಯಿ ಆಯಿತು. 2025ರ ಏಪ್ರಿಲ್‌ನಲ್ಲಿ 46 ಆಯಿತು. ಆ 4 ರೂಪಾಯಿ ಪೂರ್ತಿ ರೈತನಿಗೆ ಎಂದು ಸರ್ಕಾರ ಹೇಳಿತು. ಇದರ ಜತೆಗೆ ಲೀಟರ್‌ಗೆ 5 ರೂಪಾಯಿ ಪ್ರೋತ್ಸಾಹಧನ ಇದೆ. 2008ರಲ್ಲಿ 2 ರೂಪಾಯಿಯಿಂದ ಶುರುವಾಗಿ, 2013ರಲ್ಲಿ 4, 2016ರಲ್ಲಿ 5 ಆಗಿ ಅಲ್ಲೇ ನಿಂತಿದೆ. ಹಿಂಡಿ, ಬೂಸಾ, ಫೀಡ್ಸ್ ಬೆಲೆ ಅಲ್ಲೇ ನಿಂತಿಲ್ಲ. ಐಸ್‌ಕ್ರೀಮ್‌ಗೆ ಈ ಕಟ್ಟುಪಾಡು ಇಲ್ಲ. ಅದರ ಬೆಲೆ ಏರಿದರೆ ಯಾರೂ ಧರಣಿ ಕೂರುವುದಿಲ್ಲ. ಹಾಲಿನ ಕೊಬ್ಬಿಗೆ ಒಳ್ಳೆಯ ಬೆಲೆ ತರುವ ದಾರಿ ಇಂಥ ಪದಾರ್ಥಗಳಲ್ಲಿ ಇದೆ. ಅದೇ ದಾರಿಯಲ್ಲಿ ಕೋಲಾರ ಹಿಂದೆ ಉಳಿದಿದೆ.

ಕಾನೂನು ತೆರೆದ ಬಾಗಿಲು

ಐಸ್‌ಕ್ರೀಮ್ ಹಿಂದೆ ಹೀಗಿರಲಿಲ್ಲ. 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಹಡಗಿನಲ್ಲಿ ಮಂಜುಗಡ್ಡೆ ಕಲ್ಕತ್ತಾಕ್ಕೆ ಬಂದಿತ್ತು. ಮದ್ರಾಸಿನಲ್ಲಿ ಅದನ್ನು ಇಡಲು 1842ರಲ್ಲಿ ಕಟ್ಟಿದ ಐಸ್ ಹೌಸ್ ಇವತ್ತು ವಿವೇಕಾನಂದರ ಹೆಸರಿನಲ್ಲಿ ಸಮುದ್ರದ ಎದುರು ನಿಂತಿದೆ. ಆಗ ತಂಪು ಎಂಬುದು ಸಾಹೇಬರ ಸೊತ್ತು. ಯಂತ್ರದಲ್ಲಿ ಮಂಜುಗಡ್ಡೆ ಮಾಡಲು ಬಂದ ಮೇಲೆ ಪಟ್ಟಣ ಪಟ್ಟಣಕ್ಕೆ ಐಸ್ ಫ್ಯಾಕ್ಟರಿ ಬಂತು, ಅದರ ಹಿಂದೆ ಐಸ್ ಕ್ಯಾಂಡಿ ಬಂತು. ಜಾತ್ರೆಯಲ್ಲಿ, ಶಾಲೆ ಗೇಟಿನ ಮುಂದೆ ಸೈಕಲ್‌ಗೆ ಕಟ್ಟಿದ ಡಬ್ಬಿಯಿಂದ ಮಕ್ಕಳಿಗೆ ಸಿಕ್ಕಿದ್ದು ಅದು. ಬಣ್ಣ, ಸಕ್ಕರೆ, ನೀರು. ಹಾಲಿನ ಐಸ್ ಎಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಕಾಸೂ ಜಾಸ್ತಿ.

ಐಸ್‌ಕ್ರೀಮ್ ತಯಾರಿಕೆಯನ್ನು ಸರ್ಕಾರ ಬಹಳ ಕಾಲ ಸಣ್ಣ ಕೈಗಾರಿಕೆಗೇ ಮೀಸಲಿಟ್ಟಿತ್ತು. ಅದರಿಂದಾಗಿ ಒಂದೊಂದು ಊರಿಗೆ ಒಂದೊಂದು ಐಸ್‌ಕ್ರೀಮ್ ಬೆಳೆಯಿತು. ಮಂಗಳೂರಿನ ಐಡಿಯಲ್ 1975ರಲ್ಲಿ ಶುರುವಾದದ್ದು ಆ ಕಾಲದಲ್ಲಿ. ಗಡ್‌ಬಡ್ ತಿನ್ನಲು ಇವತ್ತಿಗೂ ಜನ ಅಲ್ಲಿಗೆ ಹೋಗುತ್ತಾರೆ. ಮೂಲ್ಕಿಯ ರಘುನಂದನ ಕಾಮತ್ ಮುಂಬೈಗೆ ಹೋಗಿ 1984ರಲ್ಲಿ ಜುಹೂನಲ್ಲಿ ಹಣ್ಣಿನ ಐಸ್‌ಕ್ರೀಮ್ ಅಂಗಡಿ ತೆರೆದರು, ನ್ಯಾಚುರಲ್ಸ್ ಎಂದು ಅದು ದೇಶದ ತುಂಬ ಹರಡಿತು. ಕರಾವಳಿ ಹಾಲಿನ ಸೀಮೆ ಅಲ್ಲ. ದಕ್ಷಿಣ ಕನ್ನಡ ಒಕ್ಕೂಟಕ್ಕೆ ಬೇರೆ ಜಿಲ್ಲೆಗಳಿಂದ ಹಾಲು ತರಿಸುವ ಪರಿಸ್ಥಿತಿ ಬಂದದ್ದೂ ಉಂಟು. ಆದರೂ ಅಲ್ಲಿ ಐಸ್‌ಕ್ರೀಮ್ ಒಂದು ಊರಿನ ಹೆಮ್ಮೆಯಾಯಿತು. ಹಾಲು ಹರಿಯುವ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ನಾಡಿಗೆ ಪರಿಚಯವಿರುವ ಒಂದು ಐಸ್‌ಕ್ರೀಮ್ ಹೆಸರು ಹುಟ್ಟಲಿಲ್ಲ. ಬೆಂಗಳೂರು ಹತ್ತಿರವಿದ್ದದ್ದೇ ಇದಕ್ಕೆ ಕಾರಣ ಎನಿಸುತ್ತದೆ. ಎಷ್ಟು ಹಾಲು ಕೊಟ್ಟರೂ ಕುಡಿಯುವ ನಗರ ಪಕ್ಕದಲ್ಲೇ ಇರುವಾಗ ಬೇರೆ ಏನನ್ನೂ ಮಾಡುವ ಅಗತ್ಯ ಯಾರಿಗೂ ಕಾಣಲಿಲ್ಲ.

1997ರಲ್ಲಿ ಆ ಮೀಸಲು ಹೋಯಿತು. ಅದಕ್ಕೆ ಸ್ವಲ್ಪ ಮೊದಲೇ ಹಿಂದೂಸ್ತಾನ್ ಲಿವರ್ (ಆಮೇಲೆ ಹಿಂದೂಸ್ತಾನ್ ಯೂನಿಲಿವರ್) ಕ್ವಾಲಿಟಿ ಐಸ್‌ಕ್ರೀಮ್ ಜತೆ ಕೈ ಜೋಡಿಸಿತ್ತು. ಅಮುಲ್ 1996ರಲ್ಲೇ ಐಸ್‌ಕ್ರೀಮ್‌ಗೆ ಇಳಿದಿತ್ತು. ಚೆನ್ನೈ ಕಡೆಯಿಂದ 1970ರಲ್ಲಿ ಹುಟ್ಟಿದ ಅರುಣ್ ಸಣ್ಣ ಪಟ್ಟಣಗಳನ್ನೇ ಹುಡುಕಿಕೊಂಡು ಬಂತು. ಬೆಂಗಳೂರಿನ ಡೇರಿ ಡೇ 2002ರಲ್ಲಿ ಶುರುವಾಯಿತು. ಇವರಲ್ಲಿ ಬಹಳಷ್ಟು ಜನ ಅಂಗಡಿಯವನಿಗೆ ತಮ್ಮದೇ ಫ್ರಿಜ್ ಕೊಡುತ್ತಾರೆ. ಫ್ರಿಜ್ ಕೊಟ್ಟವರ ಮಾಲನ್ನೇ ಅದರಲ್ಲಿ ಇಡಬೇಕು ಎನ್ನುವುದು ಸಾಮಾನ್ಯ ಷರತ್ತು. ಮೈನಸ್ 18 ಡಿಗ್ರಿಯಲ್ಲಿ ಇಡಲು ಬರುವ ಕರೆಂಟ್ ಬಿಲ್ ಅಂಗಡಿಯವನದ್ದು. ಕಿರಿದಾದ ಅಂಗಡಿಯಲ್ಲಿ ಎರಡನೇ ಫ್ರಿಜ್‌ಗೆ ಜಾಗ ಇರುವುದಿಲ್ಲ. ಹಾಗಾಗಿ ಯಾರು ಮೊದಲು ಫ್ರಿಜ್ ಇಟ್ಟರೋ ಆ ಬೀದಿ ಅವರದ್ದು. ರುಚಿಯಲ್ಲಿ ಸೋತು ನಂದಿನಿ ಐಸ್‌ಕ್ರೀಮ್ ಹಿಂದೆ ಬಿದ್ದಿದೆ ಎಂದು ನನಗೆ ಅನಿಸುವುದಿಲ್ಲ. ಫ್ರಿಜ್ ಇಡುವ ಓಟದಲ್ಲಿ ಹಿಂದೆ ಬಿದ್ದಿದೆ.

2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುತ್ತೇನೆ ಎಂದಾಗ ಇಡೀ ರಾಜ್ಯ ಎದ್ದು ನಿಂತಿತು. ನಂದಿನಿ ಉಳಿಸಿ ಎಂದು ಹೋಟೆಲಿನವರೂ ದನಿ ಸೇರಿಸಿದರು. ಆ ಕಾಳಜಿ ನಿಜವಾದದ್ದು, ಬೇಕಾಗಿದ್ದದ್ದು. ಆದರೆ ಹೊರಗಿನ ಐಸ್‌ಕ್ರೀಮ್ ನಮ್ಮ ಊರಿನ ಅಂಗಡಿಗಳಲ್ಲಿ ಅಷ್ಟು ಹೊತ್ತಿಗೆ ಎರಡು ದಶಕ ಕಂಡಿತ್ತು. ಆ ಬಗ್ಗೆ ಮಾತು ಬರಲೇ ಇಲ್ಲ.

ಎಣ್ಣೆಯ ಐಸ್‌ಕ್ರೀಮ್

ಇಲ್ಲಿಂದ ಮುಂದೆ ವಿಷಯ ಇನ್ನೂ ಸೂಕ್ಷ್ಮ. ಅಂಗಡಿ ಫ್ರಿಜ್‌ನಲ್ಲಿ ಇರುವುದೆಲ್ಲ ಐಸ್‌ಕ್ರೀಮ್ ಅಲ್ಲ. ‘ಫ್ರೋಜನ್ ಡೆಸರ್ಟ್’ ಎನ್ನುವ ಇನ್ನೊಂದು ಜಾತಿ ಇದೆ. ನೋಡಲು ಒಂದೇ, ಕೋನ್, ಕಪ್, ಚಾಕೊಬಾರ್ ಎಲ್ಲ ಇದೆ. ವ್ಯತ್ಯಾಸ ಕೊಬ್ಬಿನಲ್ಲಿ. ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆ ಅಥವಾ ಬೇರೆ ಖಾದ್ಯ ಎಣ್ಣೆಯ ಕೊಬ್ಬು ಹಾಕುತ್ತಾರೆ. ಪ್ರೋಟೀನ್‌ಗಾಗಿ ಹಾಲಿನ ಪುಡಿ ಅದರಲ್ಲೂ ಇರುತ್ತದೆ, ಅದನ್ನು ಮರೆಯಬಾರದು. ಇದು ಕಾನೂನಿಗೆ ವಿರುದ್ಧವಲ್ಲ, ವಿಷವೂ ಅಲ್ಲ. ಎಣ್ಣೆ ಬಳಸಿದ್ದನ್ನು ಪ್ಯಾಕೆಟ್ ಮೇಲೆ ಹೇಳಬೇಕು, ‘ಐಸ್‌ಕ್ರೀಮ್’ ಎಂದು ಬರೆಯಬಾರದು, ಅಷ್ಟೇ. 2017ರಲ್ಲಿ ಅಮುಲ್ ಇದೇ ವ್ಯತ್ಯಾಸ ತೋರಿಸಿ ಜಾಹೀರಾತು ಮಾಡಿತು. ಹಿಂದೂಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟ್‌ಗೆ ಹೋಗಿ ಆ ಜಾಹೀರಾತಿಗೆ ತಡೆ ತಂದಿತು.

ತಯಾರಿಸುವವರು ಎಣ್ಣೆಗೆ ಹೋಗುವ ಕಾರಣ ಸುಲಭ. ಹಾಲಿನ ಕೊಬ್ಬಿಗಿಂತ ಅದು ಬಹಳ ಅಗ್ಗ. ಬೇಸಿಗೆಯಲ್ಲೂ ಸಿಗುತ್ತದೆ, ಬೇಗ ಕೆಡುವುದಿಲ್ಲ. ಆದರೆ ನಮ್ಮ ಲೆಕ್ಕಕ್ಕೆ ಬಂದರೆ, ಐಸ್‌ಕ್ರೀಮ್‌ನ ಒಂದು ಲೀಟರ್‌ಗೆ ಒಂದೂವರೆ ಲೀಟರ್ ಹಾಲಿನ ಕೊಬ್ಬು ಹೋಗುತ್ತಿತ್ತಲ್ಲ, ಇಲ್ಲಿ ಅದು ಸೊನ್ನೆ. ಆ ಕಾಸಿನ ದೊಡ್ಡ ಪಾಲು ಎಣ್ಣೆ ಆಮದಿಗೆ ಹೋಗುತ್ತದೆ. ನಮ್ಮ ದೇಶ ಬಳಸುವ ತಾಳೆ ಎಣ್ಣೆಯಲ್ಲಿ ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾದಿಂದ ಬರುವುದು.

ಈಗ ತೆರಿಗೆಗೆ ಬರೋಣ. ಜಿಎಸ್‌ಟಿ ಪಟ್ಟಿಯಲ್ಲಿ ಐಸ್‌ಕ್ರೀಮ್ ಮತ್ತು ಫ್ರೋಜನ್ ಡೆಸರ್ಟ್ ಒಂದೇ ತಲೆಬರಹದ ಕೆಳಗೆ ಬರುತ್ತವೆ. 18 ಇದ್ದಾಗ ಎರಡಕ್ಕೂ 18, ಈಗ 5 ಅಂದರೆ ಎರಡಕ್ಕೂ 5. ಹಾಲಿನ ಕೊಬ್ಬು ಹಾಕಿದವರಿಗೂ ಎಣ್ಣೆ ಹಾಕಿದವರಿಗೂ ಅದೇ ರಿಯಾಯಿತಿ. ತೆರಿಗೆ ಇಳಿದದ್ದರಿಂದ ರೈತನಿಗೆ ಒಳ್ಳೆಯದಾಗುತ್ತದೆ ಎನ್ನುವುದು ಅರ್ಧ ಮಾತ್ರ ಸರಿ ಎಂದು ನಾನು ಹೇಳಿದ್ದು ಇದಕ್ಕೇ. ಹಾಲಿನ ಕೊಬ್ಬು ಇರುವುದಕ್ಕೆ 5, ಎಣ್ಣೆಯದಕ್ಕೆ ಅದಕ್ಕಿಂತ ಜಾಸ್ತಿ ಎಂದು ಮಾಡಿದ್ದರೆ ಆ ಮಾತು ಪೂರ್ತಿ ನಿಜವಾಗುತ್ತಿತ್ತು. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕಕ್ಕೂ ಒಂದು ಕುರ್ಚಿ ಇದೆ. ದಿನಕ್ಕೆ ಒಂದು ಕೋಟಿ ಲೀಟರ್ ಹಾಲು ಸಂಗ್ರಹಿಸಿದ ರಾಜ್ಯ ಇದು, 2024ರ ಜೂನ್‌ನಲ್ಲಿ ಆ ಗುರುತು ದಾಟಿತು. ಕೇಳುವ ಹಕ್ಕು ನಮಗೆ ಬೇರೆಯವರಿಗಿಂತ ಜಾಸ್ತಿಯೇ ಇದೆ.

ಮಳೆಗಾಲದ ಹಾಲು, ಬೇಸಿಗೆಯ ಬಾಯಾರಿಕೆ

ಹಾಲಿಗೂ ಐಸ್‌ಕ್ರೀಮ್‌ಗೂ ಕಾಲದ ಹೊಂದಾಣಿಕೆ ಇಲ್ಲ. ಮಳೆ ಬಿದ್ದು ಹಸಿ ಹುಲ್ಲು ಬಂದಾಗ ಹಾಲು ಉಕ್ಕುತ್ತದೆ. ಮಾರ್ಚ್‌ನಿಂದ ಮೇವರೆಗೆ, ಐಸ್‌ಕ್ರೀಮ್ ಜಾಸ್ತಿ ಹೋಗುವ ತಿಂಗಳುಗಳಲ್ಲಿ, ಹುಲ್ಲು ಒಣಗಿ ಹಾಲು ಇಳಿಯುತ್ತದೆ. ಸೀಮೆಹಸುವಿಗೆ ಬಿಸಿಲು ತಡೆಯುವುದಿಲ್ಲ, ಅದೂ ಒಂದು ಕಾರಣ. ಮಳೆಗಾಲದ ಹೆಚ್ಚುವರಿ ಹಾಲನ್ನು ಒಕ್ಕೂಟಗಳು ಪುಡಿ, ಬೆಣ್ಣೆ ಮಾಡಿ ಇಡುತ್ತವೆ. ಪುಡಿಯ ಬೆಲೆ ಮಾರುಕಟ್ಟೆಯಲ್ಲಿ ಬಿದ್ದರೆ ನಷ್ಟ ಒಕ್ಕೂಟದ ತಲೆ ಮೇಲೆ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯ ಆ ಪುಡಿಗೆ ಒಂದು ಒಳ್ಳೆಯ ದಾರಿ ತೋರಿಸಿತು. 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್ ಹಾಲು ಶಾಲೆ ಮಗುವಿಗೆ. ಮಗುವಿಗೂ ಒಳ್ಳೆಯದು, ಹಾಲು ಹಾಕುವ ತಾಯಿಗೂ ಒಳ್ಳೆಯದು. ಇಂಥ ಯೋಜನೆ ಅಪರೂಪ.

ಬೆಣ್ಣೆಗೆ ಅಂಥ ದಾರಿ ಐಸ್‌ಕ್ರೀಮ್ ಆಗಬಹುದು. ಮಳೆಗಾಲದ ಬೆಣ್ಣೆ, ಪುಡಿ ಎರಡನ್ನೂ ಶೀತಲ ಗೋದಾಮಿನಲ್ಲಿಟ್ಟು ಫೆಬ್ರವರಿಯಿಂದ ಐಸ್‌ಕ್ರೀಮ್ ಮಾಡಬಹುದು. ಇದು ಹೊಸ ವಿದ್ಯೆಯೇನಲ್ಲ. ದೊಡ್ಡ ಕಂಪನಿಗಳು ಮಾಡುವುದು ಇದನ್ನೇ. ಕೋಲಾರದ ಡೇರಿಗೆ ಯುಎಚ್‌ಟಿ ಹಾಲು ಪ್ಯಾಕ್ ಮಾಡಿದ ಅನುಭವ ಇದೆ. ಚಿಕ್ಕಬಳ್ಳಾಪುರದಲ್ಲಿ ನಂದಿ ಕ್ರಾಸ್ ಬಳಿ ಮೆಗಾ ಡೇರಿ ಇದೆ. ಕೋಲಾರದ ಹೊಸ ಗೋಲ್ಡನ್ ಡೇರಿ ಯೋಜನೆಗೆ ಎಂ.ವಿ. ಕೃಷ್ಣಪ್ಪನವರ ಹೆಸರೇ ಇದೆ. ಕೊರತೆ ಇರುವುದು ಕೌಶಲದ್ದಲ್ಲ.

ಮಾವಿನ ವಿಚಾರವೂ ಇದರ ಪಕ್ಕದಲ್ಲೇ ಇದೆ. ಶ್ರೀನಿವಾಸಪುರದ ತೋತಾಪುರಿ ಮಾವು ದೊಡ್ಡ ಪ್ರಮಾಣದಲ್ಲಿ ಪಕ್ಕದ ಆಂಧ್ರದ ಚಿತ್ತೂರಿನ ತಿರುಳು ಫ್ಯಾಕ್ಟರಿಗಳಿಗೆ ಹೋಗುತ್ತಿತ್ತು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರಗಿನ ತೋತಾಪುರಿ ಬರಬಾರದು ಎಂದಿತು. ಬೆಲೆ ಕುಸಿಯಿತು, ಶ್ರೀನಿವಾಸಪುರದಲ್ಲಿ ಬಂದ್ ಆಯಿತು. ಕೊನೆಗೆ ಕೇಂದ್ರ ಸರ್ಕಾರ 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಹಣ್ಣು ಇಲ್ಲಿದೆ, ಹಿಂಡುವ ಯಂತ್ರ ಅಲ್ಲಿದೆ. ಹಾಲು ಇಲ್ಲಿದೆ, ಕಡೆಯುವ ಯಂತ್ರ ಇನ್ನೆಲ್ಲೋ ಇದೆ. ಮಾವಿನ ತಿರುಳು, ಹಾಲಿನ ಕೊಬ್ಬು ಎರಡೂ ಒಂದೇ ತಾಲ್ಲೂಕಿನಲ್ಲಿ ಸಿಗುವ ಜಾಗ ದೇಶದಲ್ಲಿ ಎಷ್ಟಿದ್ದಾವು? ಆ ಎರಡನ್ನೂ ಸೇರಿಸಿ ಒಂದು ಮಾವಿನ ಐಸ್‌ಕ್ರೀಮ್ ಕೋಲಾರದ ಹೆಸರಲ್ಲಿ ಬಂದರೆ ಅದರ ರುಚಿಯನ್ನು ಯಾರೂ ತಳ್ಳಿಹಾಕಲಾರರು.

ನೀರನ್ನು ಲೆಕ್ಕಕ್ಕೆ ಹಿಡಿದರೆ

ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಹಾಲು ಹೆಚ್ಚಿಸಿ ಐಸ್‌ಕ್ರೀಮ್ ಮಾಡಿ ಎಂದು ನಾನು ಹೇಳುತ್ತಿಲ್ಲ. ಇರುವ ಹಾಲಿಗೆ ಜಾಸ್ತಿ ಬೆಲೆ ತನ್ನಿ ಎನ್ನುತ್ತಿದ್ದೇನೆ. ಹಾಲು ಕೊಡುವ ಸೀಮೆಹಸು ದಿನಕ್ಕೆ ಅರವತ್ತು, ಎಂಬತ್ತು ಲೀಟರ್ ನೀರು ಕುಡಿಯುತ್ತದೆ. ಅದರ ಸೀಮೆಹುಲ್ಲು, ಜೋಳಕ್ಕೆ ಬೇಕಾದ ನೀರು ಅದಕ್ಕಿಂತ ಎಷ್ಟೋ ಪಾಲು. ಆ ನೀರು ಬರುವುದು ಬೋರ್‌ವೆಲ್‌ನಿಂದ. ಕೋಲಾರ, ಚಿಕ್ಕಬಳ್ಳಾಪುರದ ಬಹುತೇಕ ತಾಲ್ಲೂಕುಗಳು ಅಂತರ್ಜಲವನ್ನು ಅತಿಯಾಗಿ ಬಳಸಿದ ಪಟ್ಟಿಯಲ್ಲಿವೆ. ಸಾವಿರ ಅಡಿ ಕೊರೆದರೂ ದೂಳು ಬಂದ ಜಾಗಗಳು ಎಷ್ಟೋ.

2018ರ ಜೂನ್‌ನಲ್ಲಿ ಕೆಸಿ ವ್ಯಾಲಿ ಯೋಜನೆಯ ನೀರು ನರಸಾಪುರ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕಳಿಸುವ ಯೋಜನೆ ಅದು. ಕೆರೆ ತುಂಬಿತು, ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಕಂಡಿತು. ಅದು ಬಹಳ ಜನರಿಗೆ ಜೀವ ಕೊಟ್ಟಿತು. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಎಂದು ರೈತ ಸಂಘಟನೆಗಳು ವರ್ಷಗಳಿಂದ ಕೇಳುತ್ತಿವೆ. ಆ ನೀರಿನ ಹುಲ್ಲು ತಿಂದ ಹಸುವಿನ ಹಾಲನ್ನೇ ಅದೇ ನಗರ ಕುಡಿಯುವುದರಿಂದ ಇದು ಕೋಲಾರದವರ ಬೇಡಿಕೆ ಮಾತ್ರ ಆಗಬಾರದು, ಬೆಂಗಳೂರಿನವರೂ ಕೇಳಬೇಕು. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ನೀರಿಗೆ ಜನ ಕಾಯುತ್ತಲೇ ಇದ್ದಾರೆ.

ಇಷ್ಟು ದುಬಾರಿ ನೀರಿನಿಂದ ಬಂದ ಹಾಲನ್ನು ಬರಿಯ ಹಾಲಾಗಿಯೇ ಕಳಿಸುತ್ತ ಇರುವುದು ಜಿಲ್ಲೆಗೆ ನಷ್ಟ. ಹಸುವಿನ ಸಂಖ್ಯೆ ಹೆಚ್ಚಿಸುವುದಕ್ಕಿಂತ ಒಂದೊಂದು ಲೀಟರ್‌ನಿಂದ ಸಿಗುವ ಹಣ ಹೆಚ್ಚಿಸುವುದು ಬುದ್ಧಿವಂತಿಕೆ. ನರಸಾಪುರದ ಕಾರ್ಖಾನೆಗಳಿಗೆ ಹೋಗುವ ಹುಡುಗ ಹುಡುಗಿಯರು ಕೊಟ್ಟಿಗೆಗೆ ಮರಳಬೇಕು ಎಂದರೆ ಅವರು ಮೊದಲು ಕೇಳುವುದೂ ಲೀಟರ್‌ಗೆ ಎಷ್ಟು ಸಿಗುತ್ತದೆ ಎಂದೇ.

ಇದೆಲ್ಲ ಕೈಗೂಡಬೇಕಾದರೆ ಒಕ್ಕೂಟ ಗಟ್ಟಿಯಾಗಿರಬೇಕು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಮೇಲೂ ಹಾಲು ಒಕ್ಕೂಟ ಬಹುಕಾಲ ಒಂದೇ ಇತ್ತು. ಅದನ್ನು ಒಡೆಯುವ ಆದೇಶ, ಆ ಆದೇಶದ ರದ್ದು, ಮತ್ತೆ ಒಡೆಯುವುದು, ಹೀಗೆ ಸರ್ಕಾರ ಬದಲಾದಂತೆ ನಿರ್ಧಾರವೂ ಬದಲಾಯಿತು. ಜಿಲ್ಲೆಗೊಂದು ಒಕ್ಕೂಟ ಬೇಕು ಎನ್ನುವ ವಾದದಲ್ಲಿ ಅರ್ಥವಿದೆ, ಹಳ್ಳಿಗೆ ಆಡಳಿತ ಹತ್ತಿರವಾಗುತ್ತದೆ. ಆದರೆ ಐಸ್‌ಕ್ರೀಮ್ ಘಟಕ, ಶೀತಲ ಗೋದಾಮು, ಅಂಗಡಿಗೆ ಕೊಡುವ ಫ್ರಿಜ್ ಇವೆಲ್ಲ ಕೋಟಿಗಳ ಮಾತು. ಎರಡು ಒಕ್ಕೂಟ ಎರಡು ಚಿಕ್ಕ ಘಟಕ ಕಟ್ಟಿ ಎರಡೂ ಅರ್ಧಕ್ಕೆ ನಡೆಯುವ ಬದಲು ಕೂಡಿ ಒಂದನ್ನು ಕಟ್ಟಲಿ. ಆಡಳಿತ ಬೇರೆಯಾದರೂ ಯಂತ್ರ ಹಂಚಿಕೊಳ್ಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಘಟಕ ಬರುವ ತನಕ ಕಾಯಬೇಕಾಗಿಯೂ ಇಲ್ಲ. ಕೋಲಾರದಲ್ಲಿ ಒಂದೇ ದಿನ ಅತಿ ಹೆಚ್ಚು ಐಸ್‌ಕ್ರೀಮ್ ಖರ್ಚಾಗುವುದು ಅಂಗಡಿಯಲ್ಲಲ್ಲ, ಕಲ್ಯಾಣ ಮಂಟಪದಲ್ಲಿ. ಊಟದ ಕೊನೆಗೆ ಬರುವ ಪುಟ್ಟ ಕಪ್ ಯಾವುದು ಎಂದು ಯಾರೂ ಕೇಳುವುದಿಲ್ಲ. ಅಡುಗೆ ಕಂಟ್ರಾಕ್ಟರ್ ಅಗ್ಗದ್ದು ತರುತ್ತಾರೆ, ಅಗ್ಗದ್ದು ಎಂದರೆ ಬಹಳ ಸಲ ಎಣ್ಣೆಯದು. ಮಾತಾಡುವಾಗಲೇ ‘ಹಾಲಿನ ಕೊಬ್ಬಿನ ಐಸ್‌ಕ್ರೀಮೇ ಇರಲಿ, ನಂದಿನಿ ಆದರೆ ಒಳ್ಳೆಯದು’ ಎಂದು ಮನೆಯವರು ಹೇಳಬಹುದು. ಒಕ್ಕೂಟವೂ ಮಂಟಪಗಳಿಗೆ, ಕಂಟ್ರಾಕ್ಟರ್‌ಗಳಿಗೆ ಸಗಟು ದರದಲ್ಲಿ ಬಾಗಿಲಿಗೇ ತಲುಪಿಸುವ ಏರ್ಪಾಡು ಮಾಡಬಹುದು. ಸಾವಿರ ಜನ ಉಣ್ಣುವ ಒಂದು ಮದುವೆ. ತಲೆಗೆ 50 ಮಿಲಿಲೀಟರ್ ಕಪ್ ಎಂದರೆ 50 ಲೀಟರ್ ಐಸ್‌ಕ್ರೀಮ್. ಅದರ ಹಿಂದೆ 75 ಲೀಟರ್ ಹಾಲಿನ ಕೊಬ್ಬು. ಏಳೆಂಟು ಸೀಮೆಹಸುಗಳ ಒಂದು ದಿನದ ಹಾಲು ಅದು. ಲಗ್ನದ ತಿಂಗಳಲ್ಲಿ ಜಿಲ್ಲೆಯಲ್ಲಿ ದಿನಕ್ಕೆ ಎಷ್ಟು ಮಂಟಪ ತುಂಬುತ್ತವೆ ಎಂದು ಕೋಲಾರದವರಿಗೆ ಹೇಳಿಕೊಡಬೇಕಾಗಿಲ್ಲ.